ಗೋಡೆಗೆ ಕಿವಿಗೊಟ್ಟವರು

ಅವರ ಬಲಗೈಯ ನಡುಬೆರಳಿನ ಗೆಣ್ಣು ಸದಾ ಬೆಳ್ಳಗಿರುತ್ತಿತ್ತು. ಅದು ಸುಣ್ಣದ ಬಿಳುಪು. ಎಲ್ಲಿಗೆ ಹೋದರೂ ಆ ಗೆಣ್ಣಿನಿಂದ ಗೋಡೆಯನ್ನೊಮ್ಮೆ ತಟ್ಟಿ, ಕಿವಿಯನ್ನು ಹತ್ತಿರ ತಂದು, ಒಳಗಿನ ಸದ್ದನ್ನು ಕೇಳಿಸಿಕೊಳ್ಳುವುದು ಅವರ ಅಭ್ಯಾಸ. ಮದುವೆಯ ಛತ್ರವಾಗಲಿ, ಬ್ಯಾಂಕಿನ ಮೆಟ್ಟಿಲಾಗಲಿ, ಯಾವ ಗೋಡೆಗೂ ವಿನಾಯಿತಿ ಇರಲಿಲ್ಲ. ಗಾರೆ ಇಟ್ಟಿಗೆಯನ್ನು ಬಿಟ್ಟಿದ್ದರೆ ಸದ್ದು ಬೇರೆಯಾಗುತ್ತದೆ. ಹೊಸ ಬಣ್ಣ ಕಣ್ಣಿಗೆ ಮರೆಮಾಚಿದ್ದನ್ನು ಕಿವಿಗೆ ಮರೆಮಾಚಲಾರದು. ಊಟಕ್ಕೆ ಕುಳಿತಾಗ ಎಲೆಯ ಮುಂದೆ ಆ ಬಿಳಿ ಗೆಣ್ಣು ಕಂಡರೆ, ಈವತ್ತು ಯಾವ ಮನೆ ನೋಡಿ ಬಂದಿರಿ ಎಂದು ನಾವು ಕೇಳುತ್ತಿದ್ದೆವು.

ಅವರು ನಮ್ಮ ಸಂಘದ ಕಾರ್ಯದರ್ಶಿಗಳು. ಸಾಲ ಕೊಡುವ ಮುನ್ನ ಬ್ಯಾಂಕುಗಳು ಮನೆಯ ಬೆಲೆ ಎಷ್ಟೆಂದು ತಿಳಿಯಲು ಕಳುಹಿಸುತ್ತವಲ್ಲ, ಅಂಥ ಆಸ್ತಿ ಮೌಲ್ಯಮಾಪಕರ ಸಂಘ ನಮ್ಮದು. ರಾಜಾಜಿನಗರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಯೇ ಅದರ ಕಚೇರಿ. ತಿಂಗಳಿಗೊಂದು ಸಭೆ, ಒಂದು ಉಪನ್ಯಾಸ, ಒಂದು ಸುದ್ದಿಪತ್ರ; ಸಭೆ ಮುಗಿದ ಮೇಲೆ ಕೆಳಗಿನ ದರ್ಶಿನಿಯಲ್ಲಿ ಬೈಟು ಕಾಫಿ. ಇಂಥ ಸಂಘಗಳನ್ನು ಜಗತ್ತು ಗಮನಿಸುವುದಿಲ್ಲ. ಆದರೆ ಒಂದು ವೃತ್ತಿಯ ಆತ್ಮಸಾಕ್ಷಿ ಎಲ್ಲಾದರೂ ನೆಲೆಸುವುದಿದ್ದರೆ ಇಂಥ ಕೋಣೆಯಲ್ಲಿಯೇ ನೆಲೆಸಬೇಕು ಎಂದು ಅಂದು ನಂಬಿದ್ದೆ, ಇಂದೂ ನಂಬುತ್ತೇನೆ.

ನಾನು ಆ ಕೋಣೆಯನ್ನು ಹೊಕ್ಕಾಗ ಸಿವಿಲ್ ಎಂಜಿನಿಯರಿಂಗ್ ಪದವಿಗಿಂತ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಬಹುಮಾನಗಳ ಮೇಲೆಯೇ ನನಗೆ ಹೆಚ್ಚು ಭರವಸೆ. ಮೊದಲ ಸಭೆಯಲ್ಲೇ ವೃತ್ತಿಧರ್ಮದ ಬಗ್ಗೆ ದೀರ್ಘವಾಗಿ ಮಾತನಾಡಿದೆ. ಅವರು ಕೊನೆಯವರೆಗೂ ಕೇಳಿ, "ಎಂಜಿನಿಯರ್ ಅಂತ ಸೇರಿಸ್ಕೊಂಡ್ರೆ ಲಾಯರಮ್ಮ ಬಂದುಬಿಟ್ಟಿದಾಳಲ್ರೀ!" ಎಂದರು. ಕೋಣೆಯೆಲ್ಲ ನಕ್ಕಿತು. ಅಂದಿನಿಂದ ಸಂಘದಲ್ಲಿ ನನಗೆ ಅದೇ ಹೆಸರು.

ಸುದ್ದಿಪತ್ರವನ್ನು ಅವರೇ ಟೈಪು ಮಾಡುತ್ತಿದ್ದರು. ಯಾರ ಮಗಳ ಮದುವೆ, ಯಾರ ಗೃಹಪ್ರವೇಶ, ಯಾವ ನಿಯಮ ಬದಲಾಯಿತು, ಯಾರು ತೀರಿಕೊಂಡರು, ಎಲ್ಲ ಆ ನಾಲ್ಕು ಪುಟದೊಳಗೆ. ನಾನು ಬರೆದುಕೊಟ್ಟ ಲೇಖನದಿಂದ ಮೊದಲು ವಿಶೇಷಣಗಳು ಉದುರುತ್ತಿದ್ದವು. "ಭವ್ಯವಾದ ಸಭಾಂಗಣ ಅಂತ ಬರ್ದಿದೀಯ. ಫ್ಯಾನು ಎಷ್ಟಿತ್ತು, ಜನ ನಿಂತ್ಕೊಂಡಿದ್ರಾ ಕೂತ್ಕೊಂಡಿದ್ರಾ, ಅದನ್ನ ಬರಿ. ಭವ್ಯ ಅಂತ ಬೇಕಾದ್ರೆ ಓದೋರು ಅಂದ್ಕೊಳ್ಲಿ" ಎನ್ನುತ್ತಿದ್ದರು.

ಅವರೊಂದಿಗೆ ನಾನು ನೋಡಿದ ಮೊದಲ ಮನೆ ನಾಯಂಡಹಳ್ಳಿಯ ವರ್ಕ್‌ಶಾಪುಗಳ ಹಿಂದಿನ ಓಣಿಯಲ್ಲಿತ್ತು. ಗಂಡ ಲೇತ್ ಕೆಲಸಕ್ಕೆ ಹೋಗಿದ್ದ. ಬಟ್ಟೆ ಹೊಲಿಯುತ್ತಿದ್ದ ಹೆಂಡತಿ ಬಾಗಿಲು ತೆಗೆದಳು. ಕಾರ್ಯದರ್ಶಿಗಳು ಅಳತೆಯ ಟೇಪಿನ ಸೊನ್ನೆಯ ತುದಿಯನ್ನು ಹಿಡಿದು ತಾವೇ ಮೂಲೆಗೆ ಹೋಗಿ ಬಗ್ಗಿ ಕುಳಿತರು. ಅಂಕಿ ಓದುವ ತುದಿಯನ್ನು ಆಕೆಯ ಕೈಗೆ ಕೊಟ್ಟರು.

"ಅಯ್ಯೋ, ನಂಗೆ ಇದೆಲ್ಲ ಗೊತ್ತಾಗಲ್ಲ ಸಾರ್."

"ಬ್ಲೌಸು ಅಳೆಯೋರಿಗೆ ಗೋಡೆ ಏನ್ ಮಹಾ ತಾಯಿ? ಜೋರಾಗಿ ಓದಿ."

ಆಕೆ ಓದಿದಳು. ಓದಿದ ಮೇಲೆ ಟೇಪನ್ನೇ ದಿಟ್ಟಿಸಿ, "ಇಷ್ಟೇನಾ ನಮ್ ರೂಮು? ಇಷ್ಟರಲ್ಲಿ ಐದು ಜನ ಮಲಗ್ತೀವಲ್ಲ ಸಾರ್!" ಎಂದು ನಕ್ಕಳು. ಅವರು ಗೋಡೆ ತಟ್ಟಲು ತೊಡಗಿದಾಗ, "ಏನ್ ಸಾರ್, ಬಾಗ್ಲು ತಟ್ಟೋ ಹಂಗೆ ತಟ್ತೀರಿ, ಒಳಗೆ ಯಾರಿದಾರೆ?" ಎಂದಳು. "ಅದನ್ನೇ ಕೇಳ್ತಾ ಇದೀನಮ್ಮ, ಸ್ವಲ್ಪ ಸುಮ್ನಿರಿ" ಎಂದರು ಅವರು.

ಅಳತೆಯ ಅಂಕಿಯನ್ನು ಮನೆಯವರೇ ಓದಬೇಕೆಂಬುದು ಅವರ ಪದ್ಧತಿ. ಕೆಲವು ತಿಂಗಳ ಬಳಿಕ ನಾನು ಲೇಸರ್ ಅಳತೆಯ ಯಂತ್ರವನ್ನು ಕೊಂಡು ಹೆಮ್ಮೆಯಿಂದ ತೋರಿಸಿದೆ. ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟರು. "ಚೆನ್ನಾಗಿದೆ ಕಣಮ್ಮ. ಆದ್ರೆ ಅದು ನಿಂಗೆ ಹೇಳತ್ತೆ, ಅವ್ರಿಗೆ ಹೇಳಲ್ಲ."

ನಮ್ಮಿಬ್ಬರನ್ನೂ ಒಂದೇ ಹೋರಾಟಕ್ಕೆ ಇಳಿಸಿದ್ದು ಕೆಂಗೇರಿಯ ಒಂದು ಮನೆ. ನಮ್ಮ ಊರಿನ ಮನೆಗಳಿಗೆ ಹಳೆಯ ನಂಬರು ಒಂದು, ಹೊಸ ನಂಬರು ಇನ್ನೊಂದು; ಒಬ್ಬರ ಹಳೆಯ ನಂಬರು ಅದೇ ಬೀದಿಯ ಇನ್ನೊಬ್ಬರ ಹೊಸ ನಂಬರಾಗಿರುವುದೂ ಉಂಟು. ನಮ್ಮ ಸದಸ್ಯರೊಬ್ಬರು ಸ್ಥಳಕ್ಕೆ ಹೋಗದೆ, ಫೋನಿಗೆ ಬಂದ ಫೋಟೋ ನೋಡಿ ವರದಿಗೆ ಸಹಿ ಹಾಕಿದ್ದರು. ಫೋಟೋದಲ್ಲಿದ್ದುದು ಬೇರೆ ಮನೆ, ಅದೇ ನಂಬರಿನ ಒಂದು ಶೀಟಿನ ಶೆಡ್ಡು. ಸಾಲ ನಿಂತುಹೋಯಿತು. ಆ ಮನೆಯೊಡತಿ ವಿಳಾಸ ಹುಡುಕಿಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದರು. ಅವರು ಕೂಗಾಡಲಿಲ್ಲ. "ನಮ್ಮನೆ ನೋಡ್ದೇನೇ ನಮ್ಮನೆಗೆ ಬೆಲೆ ಕಟ್ಟಿದೋರು ಯಾರು ಸಾರ್? ಒಂದ್ಸಲ ಮುಖ ನೋಡ್ಬೇಕು" ಎಂದರು, ಅಷ್ಟೇ.

ಕಾರ್ಯದರ್ಶಿಗಳು ಎದ್ದು ನಿಂತು, "ನನ್ನ ಮುಖ ನೋಡಿ ತಾಯಿ" ಎಂದರು. ಆ ದಿನವೇ ಆಕೆಯ ಜೊತೆ ಹೋಗಿ ಮನೆ ಅಳೆದರು. ಆಕೆಯ ಕೈಯಲ್ಲೇ ಅಂಕಿ ಓದಿಸಿದರು. ವರದಿ ಸರಿಯಾಯಿತು, ಸಾಲವೂ ದೊರೆಯಿತು. ಆದರೆ ಆ ಪ್ರಶ್ನೆ ನಮ್ಮ ಕೋಣೆಯಲ್ಲೇ ಉಳಿಯಿತು.

ಮುಂದಿನ ಸಾಮಾನ್ಯ ಸಭೆಗೆ ನಾನೊಂದು ನಿರ್ಣಯವನ್ನು ಸಿದ್ಧಪಡಿಸಿದೆ: ಸ್ಥಳಕ್ಕೆ ಖುದ್ದಾಗಿ ಹೋಗಿ ಕಣ್ಣಾರೆ ನೋಡದ ಆಸ್ತಿಯ ವರದಿಗೆ ಸಂಘದ ಸದಸ್ಯರು ಸಹಿ ಮಾಡತಕ್ಕದ್ದಲ್ಲ, ನೋಡಿದ್ದೇನೆಂಬ ಮಾತನ್ನು ವರದಿಯ ಕೊನೆಯಲ್ಲಿ ಬರೆಯತಕ್ಕದ್ದು. ಕರಡನ್ನು ಕಾರ್ಯದರ್ಶಿಗಳಿಗೆ ತೋರಿಸಿದೆ. ಬಹಳ ಹೊತ್ತು ಕಾಗದವನ್ನು ಕಣ್ಣ ಹತ್ತಿರ ಹಿಡಿದು ಓದಿದರು. "ಕಣ್ಣಾರೆ ಅನ್ನೋ ಮಾತು ಇರ್ಲಿ. ಯಾರಾದ್ರೂ ತೆಗೀರಿ ಅಂದ್ರೆ ತೆಗೀಬೇಡ" ಎಂದರು. ಅನುಮೋದಿಸುವವರ ಜಾಗದಲ್ಲಿ ತಮ್ಮ ಹೆಸರನ್ನು ತಾವೇ ಬರೆದರು.

ಸಭೆ ನಡೆದದ್ದು ವಿಜಯನಗರದ ಒಂದು ಸಮುದಾಯ ಭವನದಲ್ಲಿ. ನನ್ನ ಮುಖ್ಯ ಎದುರಾಳಿ ನಮ್ಮ ಖಜಾಂಚಿ, ಮಾರೇನಹಳ್ಳಿಯವರು, ಗಟ್ಟಿ ಗಂಟಲಿನ ನಗೆಮಾತಿನ ಮನುಷ್ಯ. "ಬೆಳಿಗ್ಗೆ ಕೊಟ್ಟು ಸಾಯಂಕಾಲ ರಿಪೋರ್ಟ್ ಕೇಳ್ತಾನೆ ಬ್ಯಾಂಕಿನೋನು. ಮೈಸೂರ್ ರೋಡ್ ಟ್ರಾಫಿಕ್ಕಲ್ಲಿ ನಿಂತ್ಕೊಂಡು ಕಣ್ಣಾರೆ ಏನ್ ನೋಡ್ಲಿ, ಮುಂದಿನ ಬಸ್ಸಿನ ಹಿಂಭಾಗಾನಾ?" ಎಂದಾಗ ನನ್ನ ಕಡೆಯವರೂ ನಕ್ಕರು. ನಾನು ಉತ್ತರಿಸಿದೆ; ಅವರು ಮರುತ್ತರಿಸಿದರು. ಕೊನೆಗೆ ಅವರು ಒಂದು ತಿದ್ದುಪಡಿ ತಂದರು: ಹಿರಿಯ ಸದಸ್ಯರಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ ಇರಲಿ, ಅವರ ಪರವಾಗಿ ಸಹಾಯಕರು ನೋಡಿ ಬಂದರೆ ಸಾಕು. ಇದನ್ನು ಒಪ್ಪಿದರೆ ತಮ್ಮ ಕಡೆಯವರೆಲ್ಲ ನಿರ್ಣಯಕ್ಕೆ ಕೈ ಎತ್ತುವರು ಎಂದರು.

ದೊಡ್ಡದನ್ನು ಗೆಲ್ಲಲು ಚಿಕ್ಕದನ್ನು ಬಿಟ್ಟುಕೊಡಬೇಕೆಂದು ಚರ್ಚಾಪಟುಗಳಿಗೆ ಕಲಿಸುತ್ತಾರೆ. ಒಪ್ಪಿಗೆಯೆಂದು ಹೇಳಲು ನಾನು ಮೈಕಿನತ್ತ ಹೊರಟಿದ್ದೆ. ಅಷ್ಟರಲ್ಲಿ ಕಾರ್ಯದರ್ಶಿಗಳು ಎದ್ದರು.

"ವಿನಾಯಿತಿ ಬೇಡ" ಎಂದರು.

"ಸಾರ್, ನೀವು ಸುಮ್ನೆ ಕೂತ್ಕೊಳಿ!" ಖಜಾಂಚಿ ಗದರಿದ ರಭಸಕ್ಕೆ ಸಭೆ ಬೆಚ್ಚಿತು.

"ಕೂತ್ಕೋತೀನಿ ಮಾರಾಯ, ಒಂದ್ ಮಾತು ಹೇಳಿ ಕೂತ್ಕೋತೀನಿ. ಕೆಂಗೇರಿಯ ಆ ತಾಯಿ ಮುಖ ನೋಡ್ಬೇಕು ಅಂದ್ರಲ್ಲ, ಸಹಾಯಕರ ಮುಖ ಕೇಳ್ಲಿಲ್ಲ. ಸಹಿ ಹಾಕ್ದೋರ ಮುಖ ಕೇಳಿದ್ರು. ಹಿರಿಯರಾದ್ರೆ ಅವರ ಸಹಿ ಇನ್ನೂ ಭಾರ ಆಗ್ಬೇಕೇ ಹೊರತು ಹಗುರ ಆಗ್ಬಾರ್ದು."

ತಿದ್ದುಪಡಿ ಬಿತ್ತು. ನಿರ್ಣಯ ಗೆದ್ದಿತು. ಖಜಾಂಚಿ ಯಾರೊಡನೆಯೂ ಮಾತನಾಡದೆ, ಊಟವನ್ನೂ ಮಾಡದೆ ಹೊರಟುಹೋದರು. ಸೋಲು ಸಹಿಸದ ಮನುಷ್ಯ ಎಂದುಕೊಂಡೆ.

ಮಧ್ಯಾಹ್ನ ಕಾರ್ಯದರ್ಶಿಗಳೊಡನೆ ಮೆಟ್ರೋ ನಿಲ್ದಾಣಕ್ಕೆ ನಡೆದೆ. ಗೆಲುವಿನ ಉತ್ಸಾಹದಲ್ಲಿ ನಾನು ಮಾತನಾಡುತ್ತಲೇ ಇದ್ದೆ. ಮೆಟ್ಟಿಲ ಬಳಿ ಬಂದಾಗ ಅವರು ನಿಂತು, ಕೈ ಚಾಚಿ, ಗಾಳಿಯಲ್ಲಿ ನನ್ನ ತೋಳನ್ನು ಹುಡುಕಿ ಹಿಡಿದುಕೊಂಡರು.

"ಮೆಟ್ಲು ಎಲ್ಲಿ ಶುರು ಆಗತ್ತೆ ಹೇಳ್ತಾ ಹೋಗಮ್ಮ."

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. ಗ್ಲಾಕೋಮಾ. ಎದುರಿಗಿರುವುದು ಒಂದಿಷ್ಟು ಕಾಣುತ್ತದೆ, ಅಕ್ಕಪಕ್ಕವೆಲ್ಲ ಹೋಗಿದೆ. "ಪೈಪಲ್ಲಿ ಇಣುಕಿದ ಹಂಗೆ. ಪೈಪು ದಿನಾ ಸಣ್ಣ ಆಗ್ತಾ ಇದೆ. ಹೋದ ಕಣ್ಣು ವಾಪಸ್ ಬರಲ್ವಂತೆ."

"ಯಾರಿಗೆ ಗೊತ್ತು ಸಾರ್ ಇದು?"

"ಮನೇಲಿ ಗೊತ್ತು. ಆಮೇಲೆ ಆ ಮಾರೇನಹಳ್ಳಿ ಮಹಾರಾಯನಿಗೆ ಗೊತ್ತು. ಕಣ್ಣಾಸ್ಪತ್ರೆಗೆ ಕಾರಲ್ಲಿ ಕರ್ಕೊಂಡು ಹೋಗೋದೇ ಅವನು. ತಿದ್ದುಪಡಿ ಯಾತಕ್ಕೆ ತಂದ ಅಂದ್ಕೊಂಡೆ ನೀನು?"

ಜನ ನಮ್ಮನ್ನು ದಾಟಿಕೊಂಡು ಮೇಲೇರುತ್ತಿದ್ದರು. ನನಗೇಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರೆ ನೀನು ನಿರ್ಣಯನೇ ಹಿಂದಕ್ಕೆ ತಗೋತಿದ್ದೆ. ವಾದ ಮಾಡೋವಾಗ ನೀನು ಗಟ್ಟಿ, ಪ್ರೀತಿ ಬಂದ್ರೆ ಮೆತ್ತಗೆ. ಬಾ, ಮೆಟ್ಲು ತೋರ್ಸು" ಎಂದರು.

ಅವರ ಸಹಿ ಅಂದಿಗೆ ನಿಂತಿತು. ಬ್ಯಾಂಕುಗಳಿಗೆ ತಾವೇ ತಿಳಿಸಿದರು. ಕೆಲವು ವ್ಯವಸ್ಥಾಪಕರು, ಹುಡುಗರನ್ನು ಕಳಿಸಿ, ನೀವು ಸಹಿ ಹಾಕಿದರೆ ಸಾಕು ಸಾರ್, ನಿಮ್ಮ ಹೆಸರೇ ನಮಗೆ ಸಾಕು ಎಂದು ಕೇಳಿಕೊಂಡರು. ಜೀವನವಿಡೀ ದುಡಿದು ಗಳಿಸಿದ ಹೆಸರು ಅದು. ಅದನ್ನು ಹಾಗೆ ಬಳಸಲು ಅವರು ಒಪ್ಪಲಿಲ್ಲ. ಮುಂದಿನ ಸುದ್ದಿಪತ್ರದ ಸದಸ್ಯರ ಸುದ್ದಿಯಲ್ಲಿ, ಒಂದು ಮದುವೆಗೂ ಒಂದು ಗೃಹಪ್ರವೇಶಕ್ಕೂ ನಡುವೆ, ಕಾರ್ಯದರ್ಶಿಗಳು ದೃಷ್ಟಿದೋಷದ ಕಾರಣ ವೃತ್ತಿಯಿಂದ ನಿವೃತ್ತರಾಗಿದ್ದಾರೆ ಎಂಬ ಒಂದು ಸಾಲು ಬಂತು. ವಿಶೇಷಣ ಒಂದೂ ಇರಲಿಲ್ಲ.

ಆ ಮೇಲೆ ಕೆಲವರು ಹೊಸ ಕಥೆ ಕಟ್ಟಿದರು: ಟೇಪು ಓದಲು ಕಾಣದೆ ಮನೆಯವರಿಂದ ಓದಿಸುತ್ತಿದ್ದರಂತೆ. ಇದನ್ನು ನಾನು ಎಲ್ಲೇ ಕೇಳಿದರೂ ಖಂಡಿಸುತ್ತೇನೆ. ನಾಯಂಡಹಳ್ಳಿಯ ಮನೆಯಲ್ಲಿ ಅವರ ಕಣ್ಣು ನನ್ನ ಕಣ್ಣಿಗಿಂತ ಚುರುಕಾಗಿತ್ತು. ತಮ್ಮ ಮನೆಯ ಅಳತೆ ತಮಗೇ ಗೊತ್ತಿರಬೇಕಾದದ್ದು ಮನೆಯವರ ಹಕ್ಕೆಂದು ಅವರು ಓದಿಸುತ್ತಿದ್ದರು.

ಒಂದಷ್ಟು ಕಾಲ ನನ್ನೊಡನೆ ಬರುತ್ತಿದ್ದರು. ರಾಜರಾಜೇಶ್ವರಿನಗರದ ಒಂದು ಫ್ಲಾಟಿನ ನೆನಪು ಮಾಸುವುದಿಲ್ಲ. ಅವರನ್ನು ನಡುಮನೆಯಲ್ಲಿ ನಿಲ್ಲಿಸಿ, ಸುತ್ತಲಿನದನ್ನು ನಾನು ಬಣ್ಣಿಸತೊಡಗಿದೆ. "ಭಾಷಣ ಬೇಡ ಲಾಯರಮ್ಮ. ಎಡಗಡೆ ಏನಿದೆ?" ಹೇಳಿದೆ. ಕೈಯಾಡಿಸುತ್ತಾ ಗೋಡೆಗೆ ಹೋಗಿ ತಟ್ಟಿದರು, ಕಿವಿಗೊಟ್ಟರು. "ಇದರಾಚೆ ಬಚ್ಚಲಾ? ಗೋಡೆ ನೀರು ಕುಡಿದಿದೆ ನೋಡು." ಬಚ್ಚಲೇ ಆಗಿತ್ತು. ಆದರೆ ಮನೆಯಾಕೆ ಕಾಫಿ ತಂದಿಟ್ಟಾಗ ಅವರ ಕೈ ಲೋಟದ ಪಕ್ಕದ ಖಾಲಿ ಟೇಬಲ್ಲನ್ನು ತಡವಿತು. ನಾನು ಸದ್ದಾಗದಂತೆ ಲೋಟವನ್ನು ಸರಿಸಿದೆ. ಸರಿಸಿದ್ದು ಅವರಿಗೆ ತಿಳಿಯಿತೆಂದು ಮುಖದಿಂದ ಗೊತ್ತಾಯಿತು.

ಹಿಂತಿರುಗುವಾಗ, "ವರದಿಯಲ್ಲಿ ನಿಮ್ಮ ಹೆಸರನ್ನೂ ಹಾಕ್ಲಾ ಸಾರ್?" ಎಂದೆ.

"ನೋಡಿದ್ದು ನೀನು. ನಾನು ಕೇಳಿದ್ದು, ಅಷ್ಟೇ" ಎಂದರು. ಆ ಬಳಿಕ ಕರೆದಾಗಲೆಲ್ಲ ಏನಾದರೊಂದು ನೆಪ ಹೇಳಿ ಮನೆಯಲ್ಲೇ ಉಳಿದರು.

ಕೆಲವು ದಿನಗಳ ಜ್ವರ ಅವರನ್ನು ಕರೆದೊಯ್ದಿತು. ಸಂತಾಪ ಸಭೆಯಲ್ಲಿ ಎಲ್ಲರೂ ಮಾತನಾಡಿದರು. ಖಜಾಂಚಿಯ ಸರದಿ ಬಂತು. "ಅವತ್ತೊಂದಿನ ಸುಮ್ನೆ ಕೂತಿದ್ರೆ ಆಗ್ತಿತ್ತು..." ಎಂದು ಫೋಟೋದ ಕಡೆ ಕೈ ತೋರಿಸಿ ಕುಳಿತುಬಿಟ್ಟರು.

ತಿಂಗಳ ನಂತರ ಬಸವೇಶ್ವರನಗರದ ಅವರ ಮನೆಗೆ ಹೋದೆ. ಅವರ ಪತ್ನಿ ನನ್ನನ್ನು ಕಿಟಕಿಯ ಬಳಿಯ ಕುರ್ಚಿಯ ಹತ್ತಿರ ಕರೆದೊಯ್ದರು. ಕುರ್ಚಿಯಲ್ಲಿ ಕುಳಿತವರ ಬಲಗೈಗೆ ಎಟುಕುವ ಗೋಡೆಯಲ್ಲಿ ಅಂಗೈಯಗಲದ ಜಾಗ ಬಣ್ಣ ಕಳೆದುಕೊಂಡು, ಸವೆದು, ಸಣ್ಣ ಗುಳಿಯಾಗಿತ್ತು.

"ಕಣ್ಣು ಪೂರ್ತಿ ಹೋದ ಮೇಲೆ ದಿನಾ ಇಲ್ಲೇ ಕೂತು ತಟ್ತಾ ಇದ್ರು ಕಣಮ್ಮ. ಯಾಕ್ರೀ ಅಂದ್ರೆ, ಗಟ್ಟಿ ಇದೆ, ನಿಮ್ಮಪ್ಪ ಚೆನ್ನಾಗಿ ಕಟ್ಸಿದಾರೆ ಕಣೇ ಅನ್ನೋರು. ನಮ್ಮ ತಂದೆ ಕಟ್ಸಿದ ಮನೆ ಇದು. ನೀನೊಂದ್ಸಲ ತಟ್ಟಿ ಹೇಳು. ಗಟ್ಟಿ ಇದ್ಯಾ?"

ನಾನು ಬಗ್ಗಿ, ನಡುಬೆರಳಿನ ಗೆಣ್ಣಿನಿಂದ ಅದೇ ಜಾಗದಲ್ಲಿ ತಟ್ಟಿದೆ. ಕಿವಿಗೊಟ್ಟೆ. ಸುತ್ತಲೂ ಗೋಡೆ ಗಟ್ಟಿಯಾಗಿತ್ತು. ಅವರು ತಟ್ಟಿ ತಟ್ಟಿ ಆ ಒಂದು ಜಾಗದಲ್ಲಿ ಗಾರೆ ಇಟ್ಟಿಗೆಯನ್ನು ಬಿಟ್ಟಿತ್ತು. ಅವರು ಕೊನೆಯ ದಿನಗಳಲ್ಲಿ ಈ ಸದ್ದನ್ನು ಕೇಳಿಸಿಕೊಳ್ಳದೆ ಇದ್ದಿರಲು ಸಾಧ್ಯವೇ ಇರಲಿಲ್ಲ. ಗಟ್ಟಿ ಇದೆ ಅಮ್ಮ ಎಂದುಬಿಡೋಣವೆನಿಸಿತು, ಬಾಯಿ ತೆರೆದೆ. ಆದರೆ ಮನೆಯವರಿಗೆ ಇರುವುದನ್ನು ಇರುವ ಹಾಗೆ ಹೇಳಬೇಕೆಂದು ನನಗೆ ಕಲಿಸಿದವರ ಕುರ್ಚಿಯ ಪಕ್ಕದಲ್ಲೇ ನಾನು ನಿಂತಿದ್ದೆ.

"ಮನೆ ಗಟ್ಟಿ ಇದೆ ಅಮ್ಮ. ಇದೊಂದು ಜಾಗ ಮಾತ್ರ ಟೊಳ್ಳಾಗಿದೆ."

ಆಕೆ ಆ ಗುಳಿಯ ಮೇಲೆ ಅಂಗೈಯಿಟ್ಟರು.

"ಪೇಂಟ್ ಮಾಡೋರು ಭಾನುವಾರ ಬರ್ತೀನಿ ಅಂದಿದಾರೆ" ಎಂದರು. "ಇದನ್ನ ಮಾತ್ರ ಮುಟ್ಬೇಡಿ ಅಂತೀನಿ."