ಚೀಲದ ಮೇಲೆ ಬರೆದ ಹೆಸರು

ಮೊನ್ನೆ ಮಗಳು ಶಾಲೆಯ ಚಾರ್ಟಿಗೆಂದು ದಪ್ಪ ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಪೆನ್ನು ಕಿತ್ತುಕೊಂಡು ಅಂಗಳಕ್ಕೆ ಎಸೆದೆ. ಮಗು ಬೆಪ್ಪಾಗಿ ನಿಂತಿತು. ಅದರದ್ದೇನು ತಪ್ಪು? ಅಂಥದ್ದೇ ಪೆನ್ನಿನಲ್ಲಿ ನಾನೊಮ್ಮೆ ಒಬ್ಬಳ ಹೆಸರು ಬರೆದಿದ್ದೆ. ಬರೆದು ಅರ್ಧ ಗಂಟೆಯೊಳಗೆ ಅವಳ ಕೈ ಮುರಿದರು.

ನಾನಾಗ ಆಹಾರ ಸುರಕ್ಷತೆಯ ಒಂದು ಸಂಶೋಧನಾ ತಂಡದಲ್ಲಿ ಸಹಾಯಕಿ. ಮೀನು ಕೆಡದಿರಲೆಂದು ಹೆಣ ಕಾಪಿಡುವ ಫಾರ್ಮಾಲಿನ್ ಮದ್ದು ಹಾಕುತ್ತಾರೆಂಬ ಗುಲ್ಲು ಊರೆಲ್ಲ ಎದ್ದಿತ್ತು. ಪಕ್ಕದ ಕೋಣೆಯಲ್ಲಿ ಪ್ರೊಟೀನುಗಳ ರಚನೆ ನೋಡುವ ಗುಂಪೊಂದಿತ್ತು; ಆ ಮದ್ದು ತಾಗಿದರೆ ಮೀನಿನ ಮಾಂಸದ ಪ್ರೊಟೀನುಗಳು ಒಂದಕ್ಕೊಂದು ಹೇಗೆ ಬೆಸೆದುಕೊಳ್ಳುತ್ತವೆ ಎಂದು ಅವರ ತಲೆಬಿಸಿ. ಎರಡೂ ಗುಂಪಿಗೆ ಮಾರುಕಟ್ಟೆಯಿಂದ ಮೀನಿನ ಮಾದರಿ ತರುವುದು ನನ್ನ ಕೆಲಸ. ನಾನೋ ಸಾಲಿಗ್ರಾಮದ ಪೂಜೆಯವರ ಮನೆಯವಳು, ಬಂಗಡೆ ಯಾವುದು ಬೂತಾಯಿ ಯಾವುದು ಎಂದೇ ತಿಳಿಯದವಳು!

ಕಲಿಸಿದವಳು ಮೀನಕ್ಕ. ನಾನು ಹಾಗೇ ಕರೆಯುತ್ತಿದ್ದೆ; ಅವಳು ನನ್ನನ್ನು ಹುಡುಗಿ ಎಂಬರ್ಥದಲ್ಲಿ ಹೆಣೇ ಎನ್ನುತ್ತಿದ್ದಳು. ಉಪ್ಪುಂದದಿಂದ ಬೆಳಗಿನ ಬಸ್ಸಿಗೆ ಬುಟ್ಟಿ ಹೊತ್ತು ಬಂದು ಹೆದ್ದಾರಿ ಬದಿಯ ಒಂದು ಮಾರುಕಟ್ಟೆಯಲ್ಲಿ ಕೂರುತ್ತಿದ್ದಳು. ಕಿವಿರು ಎತ್ತಿ ನೋಡುವುದು, ಬೆರಳಿನಿಂದ ಒತ್ತಿ ನೋಡುವುದು, ನೊಣ ಕೂರದ ಮೀನನ್ನು ನಂಬದಿರುವುದು, ಎಲ್ಲ ಅವಳದೇ ಪಾಠ. ಮುಳ್ಳಿನ ಮೀನಿಗೆ ಬೆರಳು ಹಾಕಹೋದಾಗ ನನ್ನ ಕೈ ಮೇಲೆ ಫಟ್ಟೆಂದು ಬಾರಿಸಿದ್ದಳು. ಅವಳ ಕೈ ಬಹಳ ಚುರುಕು. ಹಿಂದಿನಿಂದ ಬಂದು ಸೊಂಟಕ್ಕೆ ಕೈ ಹಾಕಿದ ಕುಡುಕನೊಬ್ಬನ ಮುಖಕ್ಕೆ ಅಂಜಲ್ ಮೀನಿನ ಬಾಲ ಹಿಡಿದು ಬೀಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೂಗಿನಿಂದ ರಕ್ತ ಇಳಿಯುತ್ತಿದ್ದವನಿಗೆ ಇನ್ನೊಂದು ಕೊಟ್ಟೇ ಬಿಟ್ಟಳು.

ನಮ್ಮಲ್ಲೊಂದು ನಿಯಮವಿತ್ತು. ಮಾದರಿಯ ಚೀಲದ ಮೇಲೆ ಸಂಖ್ಯೆ ಮಾತ್ರ, ಯಾರ ಮೀನೆಂಬುದು ನನ್ನ ಪುಸ್ತಕದಲ್ಲಿ ಮಾತ್ರ. ಆ ದಿನ ಅವಳು ತಾನೇ ಎರಡು ಬಂಗಡೆ ಆರಿಸಿ ಚೀಲಕ್ಕೆ ಹಾಕಿದಳು. ಗುಲ್ಲಿನಿಂದಾಗಿ ವಾರದಿಂದ ಗಿರಾಕಿಗಳೇ ಇಲ್ಲ, ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

"ನನ್ನ ಹೆಸ್ರೇ ಬರಿ ಹೆಣೇ. ನನ್ ಮೀನಗೆ ಎಂತದೂ ಇಲ್ಲೆ, ಊರಿಗೇ ಗೊತ್ತಾಯ್ಲಿ."

ಬರೆದೆ. ನಿಯಮ ಗೊತ್ತಿದ್ದೂ, ದೊಡ್ಡ ಅಕ್ಷರದಲ್ಲಿ, ಅವಳ ಖುಷಿಗೆ...

ಐಸ್ ಪೆಟ್ಟಿಗೆಯನ್ನು ಜೀಪಿಗೆ ಏರಿಸುವಾಗ ಮೀನು ಮಾರುವವರು ಸುತ್ತುಗಟ್ಟಿದರು. ಹೊರಗಿನಿಂದ ಲಾರಿಯಲ್ಲಿ ಮೀನು ತರಿಸುವ ದಲ್ಲಾಳಿಯೊಬ್ಬ ಪೆಟ್ಟಿಗೆಯನ್ನು ಕಾಲಿನಿಂದ ಒದ್ದು ಉರುಳಿಸಿದ. ಚೀಲಗಳು ಡಾಂಬರಿನ ಮೇಲೆ ಚೆಲ್ಲಿದವು. ಎಲ್ಲದರ ಮೇಲೂ ಸಂಖ್ಯೆ, ಒಂದರ ಮೇಲೆ ಮಾತ್ರ ಹೆಸರು. ಅವನು ಅದನ್ನೆತ್ತಿ ಎಲ್ಲರಿಗೂ ತೋರಿಸಿದ. ನಮ್ಮ ಹೊಟ್ಟೆಗೆ ಕಲ್ಲು ಹಾಕಲು ಇವರನ್ನು ಕರೆಸಿದವಳು ಇವಳೇ ಎಂದ. ಅಷ್ಟು ಸಾಕಾಯಿತು.

ಮೀನಕ್ಕನ ಮುಡಿ ಹಿಡಿದು ಎಳೆದರು. ಬುಟ್ಟಿಯನ್ನು ತುಳಿದು ಪುಡಿ ಮಾಡಿದರು. ಅವಳು ಸುಮ್ಮನೆ ಪೆಟ್ಟು ತಿನ್ನುವವಳಲ್ಲ; ಒಬ್ಬನ ಕಿವಿ ಕಚ್ಚಿದಳು, ಇನ್ನೊಬ್ಬನ ಮುಖವನ್ನು ಉಗುರಿನಿಂದ ಸಿಗಿದಳು. ಮೀನು ಕೊಯ್ಯುವ ಕತ್ತಿ ಕಾಲ ಬುಡದಲ್ಲೇ ಇತ್ತು. ಅದನ್ನು ಮುಟ್ಟಲಿಲ್ಲ. ಆಗ ಯಾವನೋ ಐಸ್ ಒಡೆಯುವ ಮರದ ಕೊಡತಿಯಿಂದ ಅವಳ ಬಲ ಮಣಿಕಟ್ಟಿಗೆ ಹೊಡೆದ. ಒಮ್ಮೆಯಲ್ಲ, ಮೂರು ಸಲ. ಆ ಸದ್ದು... ಬೇಡ. ನಾನು ಜೀಪಿನೊಳಗಿದ್ದೆ. ಗಾಜು ಏರಿಸಿ ಎಂದು ಆ ದಿನ ಜೊತೆಗೆ ಬಂದಿದ್ದ ನಮ್ಮ ತಂಡದ ಮುಖ್ಯಸ್ಥರು ಕೂಗಿದರು. ನಾನು ಏರಿಸುವಷ್ಟರಲ್ಲಿ ದಲ್ಲಾಳಿ ಬೀಸಿ ಎಸೆದ ಆ ಚೀಲ ಒಳಗೆ ಬಂದು ನನ್ನ ಮಡಿಲಿಗೆ ಬಿತ್ತು. ಜೀಪು ಹೊರಟಿತು. ಇಳಿಯಬೇಕಿತ್ತು, ಇಳಿಯಲಿಲ್ಲ. ಹೇಡಿ ನಾನು, ಬೇರೆ ಮಾತೇ ಇಲ್ಲ.

ಉಳಿದದ್ದು ಅದೊಂದೇ ಮಾದರಿ. ಅದೇ ವಾರ ಮೂರು ಸಲ ಪರೀಕ್ಷಿಸಿದೆ. ಮದ್ದಿನ ಸುಳಿವೇ ಇರಲಿಲ್ಲ. ಒಂದು ಮಾದರಿಯಿಂದ ಏನೂ ಹೇಳಲಾಗದು, ಪ್ರಬಂಧ ಅಚ್ಚಾಗುವವರೆಗೆ ಫಲಿತಾಂಶ ಹೊರಗೆ ಹೋಗಕೂಡದು ಎಂದರು ಮುಖ್ಯಸ್ಥರು. ವಿಜ್ಞಾನದಲ್ಲಿ ಅದು ಸರಿಯೇ ಇರಬಹುದು. ನಾನು ತಲೆಯಾಡಿಸಿ ಕಡತ ಮುಚ್ಚಿದೆ.

ಅತ್ತ ಅವಳ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಮಾರುವವರಿಗೆ ಅವಳು ಚಾಡಿ ಹೇಳಿದವಳು. ಕೊಳ್ಳುವವರಿಗೆ, ಪರೀಕ್ಷೆಗೆ ಒಯ್ದದ್ದು ಇವಳ ಮೀನೇ ಆದ್ದರಿಂದ, ಮದ್ದು ಹಾಕಿದವಳು. ಮತ್ತೆ ಎರಡು ಸಲ ಬುಟ್ಟಿ ತಂದು ಕೂತಳಂತೆ. ಒಬ್ಬರೂ ಕೊಳ್ಳಲಿಲ್ಲವಂತೆ. ಇದೆಲ್ಲ ನನ್ನ ಕಿವಿಗೆ ಬೀಳುತ್ತಲೇ ಇತ್ತು.

ಪ್ರಬಂಧ ಅಚ್ಚಾಗಲು ಎರಡು ವರ್ಷ ಹಿಡಿಯಿತು. ಅದು ಬಂದ ಮೇಲೆ ಹಣ್ಣು ಹಿಡಿದು ಉಪ್ಪುಂದಕ್ಕೆ ಹೋದೆ. ಹೆಸರು ಬರೆದದ್ದಕ್ಕೆ ಬೈಯುತ್ತಾಳೆ, ಕಾಲು ಹಿಡಿದರಾಯಿತು ಎಂದುಕೊಂಡಿದ್ದೆ. ಬೈಯಲಿಲ್ಲ. ಚಾ ಮಾಡಿಸಿ ಕೊಟ್ಟಳು. ನಿಮ್ಮ ಮೀನಿನಲ್ಲಿ ಏನೂ ಇರಲಿಲ್ಲ ಅಕ್ಕ ಎಂದೆ. ಅವಳ ಮುಖ ಅರಳಿತು. ಯಾವಾಗ ಗೊತ್ತಾಯಿತೆಂದು ಕೇಳಿದಳು. ಸುಳ್ಳು ಹೇಳಲಾಗಲಿಲ್ಲ, ಅದೇ ವಾರ ಎಂದೆ.

ಎಡಗೈ ಬೀಸಿ ಕೆನ್ನೆಗೆ ಹೊಡೆದಳು. ಲೋಟ ಹಾರಿತು, ನನ್ನ ತುಟಿ ಒಡೆದು ರಕ್ತ ಬಂತು. ಇನ್ನೊಂದು ಬೀಳುತ್ತದೆಂದು ಕಾದೆ. ಅವಳು ಗೋಡೆಗೆ ಒರಗಿ ಕೂತುಬಿಟ್ಟಳು.

"ಒಂದ್ ಚೀಟಿ ಸಾಕಾತಿತ್ತಲೆ ಹೆಣೇ. ನನ್ನ ಹೆಸ್ರ್ ಬರಿಯೂಕೆ ಬಂತ್, ಇದನ್ನ್ ಬರಿಯೂಕೆ ಕೈ ಬರ್ಲಿಲ್ಯಾ?"

ಲೋಟ ಎತ್ತಿಟ್ಟು ಹೊರಟು ಬಂದೆ. ಈಗ ನಾನು ಆ ಕೆಲಸ ಬಿಟ್ಟು ಬ್ರಹ್ಮಾವರದ ಕಡೆ ಪಾಠ ಹೇಳಿಕೊಂಡಿದ್ದೇನೆ. ಅವಳು ತೀರಿಕೊಂಡ ಸುದ್ದಿಯೂ ನನಗೆ ತಡವಾಗಿ ಬಂತು, ಉತ್ತರಕ್ರಿಯೆಯ ಬೊಜ್ಜವೆಲ್ಲ ಮುಗಿದ ಮೇಲೆ.

ಪೆನ್ನು ಎಸೆದ ಮರುದಿನ ಬಸ್ಸು ಹತ್ತಿ ಆ ಮಾರುಕಟ್ಟೆಗೆ ಹೋದೆ. ಅವಳು ಕೂರುತ್ತಿದ್ದ ಜಾಗದಲ್ಲಿ ಸಣ್ಣ ಪ್ರಾಯದ ಹೆಂಗಸೊಬ್ಬಳು ಮೀನು ಕೊಯ್ಯುತ್ತಿದ್ದಳು. ಇಲ್ಲಿ ಮೊದಲು ಉಪ್ಪುಂದದವರು ಒಬ್ಬರು ಕೂರುತ್ತಿದ್ದರಲ್ಲ ಎಂದು ಕೇಳಿದೆ.

"ಮದ್ದ್ ಹಾಕಿದ್ ಮೀನ್ ಮಾರ್ತಿದ್ದೋಳಾ?" ಎಂದಳು, ತಲೆ ಎತ್ತದೆ.

ಅಲ್ಲ ಎಂದೆ. ಅವರ ಮೀನಿನಲ್ಲಿ ಏನೂ ಇರಲಿಲ್ಲ, ನಾನೇ ಪರೀಕ್ಷೆ ಮಾಡಿದ್ದೇನೆ, ಏನೂ ಇರಲಿಲ್ಲ ಎಂದು ಗಂಟಲು ಹರಿಯುವಂತೆ ಹೇಳಿದೆ. ಅಕ್ಕಪಕ್ಕದವರು ತಿರುಗಿ ನೋಡಿದರು. ಹೆಂಗಸು ಕತ್ತಿ ಕೆಳಗಿಟ್ಟು ನನ್ನನ್ನೇ ನೋಡಿದಳು. ಆಮೇಲೆ, ಬಂಗಡೆ ಎಷ್ಟು ಹಾಕಲಿ ಎಂದು ಕೇಳಿದಳು.