ರುಬಿಡಿಯಂ ಸರ್
ಶಹಾಪುರದ ಕಾಲೇಜಿನ ಭೀಮಾಶಂಕರ ಸರ್ ಗಾಜಿನ ಬುರುಡೆಯೊಳಗಿನ ರುಬಿಡಿಯಂ ಎಂಬ ಲೋಹದ ಆವಿಯ ಮೇಲೆ ಪಿಎಚ್‌ಡಿ ಮಾಡಿದವರು. ಚಹಾದಂಗಡಿಯಲ್ಲಿ ಸಿಕ್ಕವರಿಗೂ ಅದೇ ಪಾಠ: "ಬರೇ ಗಾಜಿನ ಗ್ವಾಡಿಗಿ ಬಡದ್ರ ಪರಮಾಣು ತನ್ನ ಸ್ಪಿನ್, ಅಂದ್ರ ತಿರುಗೂ ದಿಕ್ಕು, ಮರೀತದ್ರಿ. ಗ್ವಾಡಿಗಿ ಮೇಣ ಹಚ್ಚಿದ್ರ ಸಾವಿರ ಸಲ ಬಡದ್ರೂ ಮರಿಯಂಗಿಲ್ಲ." ಸ್ವತಃ ಸರ್ ಮಾತ್ರ ಪ್ರಾಂಶುಪಾಲರು ಎದುರಾದರೆ ಅವರ ಕಡೆ, ಮುಷ್ಕರದ ಹುಡುಗರು ಎದುರಾದರೆ ಹುಡುಗರ ಕಡೆ, ಇಬ್ಬರಿಗೂ "ನೀವು ಹೇಳೂದು ಖರೇ ಅದ" ಎನ್ನುತ್ತಾರೆ. ಮಗಳು ಭುವನೇಶ್ವರಿ ಎಂಎಸ್ಸಿ ಓದುತ್ತೇನೆಂದಾಗ ಹೂಂ ಎಂದವರು, ಹತ್ತಿಕುಣಿಯಿಂದ ತಮ್ಮ ಅಣ್ಣ ಬಂದು ಅವಳ ಮದುವೆ ಮಾಡೋಣವೆಂದಾಗಲೂ ಹೂಂ ಎಂದು ಗಂಡನ್ನೇ ಗೊತ್ತುಮಾಡಿಬಿಟ್ಟರು. ಆಕೆ ಕೇಳಿದಳು: "ಅಪ್ಪಾ, ನಿನ್ನ ಸಲುವಾಗಿ ಊರ ಮಂದಿಗೆಲ್ಲಾ ಮೇಣ ಹಚ್ಚಬೇಕೇನು?" ಸರ್ ತಲೆದೂಗಿದರು. "ನೀ ಹೇಳೂದು ಖರೇ ಅದವ್ವ," ಎಂದವರೇ ಫಂಕ್ಷನ್ ಹಾಲ್ ನೋಡಿಬರಲು ಅಣ್ಣನ ಬೈಕ್ ಹತ್ತಿದರು.