ಇಲಿಗಳ ಪಾಳಿ

ಹೆಂಡತಿಯ ಎದೆಯ ಕ್ಯಾನ್ಸರಿಗೆ ಕಿಮೋ ಕೊಡಿಸಿ, ರೈಲಿನಲ್ಲಿ ಸೈದಾಪುರಕ್ಕೆ ಮರಳುತ್ತಿದ್ದೆವು. ಎದುರಿಗೆ ಕುಳಿತಿದ್ದ, ಔಷಧ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಪುಟ್ಟ ಸೀಸೆ ತೋರಿಸಿದಳು. ಹೊರಗೆ ಅಯಸ್ಕಾಂತ ಹಿಡಿದರೆ ನೀರಿನೊಳಗಿನ ಕರಿ ಪುಡಿ ಅತ್ತಲೇ ಸರಿಯುತ್ತಿತ್ತು.

"ಕಬ್ಬಿಣದ ಅಂಶ ಸೇರಿಸಿದ ಈ ಪಾಲಿಮರ್ ಕಣದಾಗ ಔಷಧ ತುಂಬತೀವ್ರಿ. ಅಯಸ್ಕಾಂತ ಹಿಡಿದ್ರ ಗಡ್ಡಿ ಇದ್ದಲ್ಲೇ ಹೋಗಿ ನಿಲ್ತಾವ."

ನನ್ನವಳು ತಲೆಯ ಸೆರಗು ಸರಿಸಿದಳು. "ಹಂಗಾದ್ರ ಕೂದ್ಲ ಹಿಂಗ ಉದುರೂದಿಲ್ಲೇನವ್ವಾ?"

"ಕಡಿಮಿ ಆಗಬಹುದ್ರಿ. ಆದ್ರ ಈಗಿನ್ನೂ ಇಲಿಗಳಿಗಷ್ಟೇ ಕೊಡಾಕತ್ತೇವಿ."

"ಇಲಿ ಪುಣ್ಯ ಮಾಡ್ಯಾವ ಬಿಡು," ಎಂದು ಇವಳು ನಕ್ಕಳು.

ಮನೆಗೆ ಬಂದವಳೇ ಇಲಿ ಬೋನನ್ನು ಅಟ್ಟಕ್ಕೆ ಹಾಕಿಸಿದಳು. "ಅವು ಬದುಕಿದ್ರ ನಮ್ಮ ಪಾಳಿ ಬರ್ತದ್ರಿ."

ಪಾಳಿ ಬರುವ ಮೊದಲೇ ಶಿವ ಅವಳನ್ನು ಕರೆಸಿಕೊಂಡ. ಬೋನು ಇಳಿಸಲು ನನಗಿನ್ನೂ ಕೈ ಬಂದಿಲ್ಲ. ಇಲಿಗಳು ಮಾತ್ರ ಚೆನ್ನಾಗಿವೆ. ಜೋಳದ ಚೀಲ ಒಂದನ್ನೂ ಬಿಟ್ಟಿಲ್ಲ.